ಯುಗಾದಿಯವರೆಗೆ ಬೀಗ

ಸಿದ್ದೀ, ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ನಾನು ಸುಳ್ಳು ಹೇಳಿದೆ. ನಿನಗೆ ಮನೆ ಕೊಡಬಾರದೆಂದೇ ಹೇಳಿದೆ.

ನೀನೀಗ ಎಲ್ಲಿದ್ದೀಯೋ, ಇದು ನಿನ್ನ ಕಣ್ಣಿಗೆ ಬೀಳುತ್ತದೋ ಇಲ್ಲವೋ — ನನ್ನ ಬಾಯಿಂದ ಒಮ್ಮೆಯಾದರೂ ಬರಬೇಕಲ್ಲ.

ಹಾಸನದಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಸೇರಿದಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯವರು. ನಿನ್ನ ಜಾತಿ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಮಾಗಿಯ ಚಳಿಯಲ್ಲಿ ನಿನ್ನ ಕಂಬಳಿಯೊಳಗೆ ನುಸುಳುವಾಗ ಅದೇಕೋ ಅಡ್ಡ ಬರಲಿಲ್ಲ! ಆಮೇಲೆ ನನಗೆ ಮದುವೆಯಾಯಿತು — ಅರಕಲಗೂಡಿನಾಚೆ, ಬಸ್ಸಿಳಿದ ಮೇಲೂ ಹರಿಗೋಲಿನಲ್ಲಿ ಹೊಳೆ ದಾಟಬೇಕಾದ ಊರಿಗೆ. ಓದು ಅಲ್ಲಿಗೇ ನಿಂತಿತು. ಕೆಲವು ವರ್ಷಗಳ ಮೇಲೆ ಅದೇ ಊರಿನ ಶಾಲೆಗೆ ನಿನ್ನನ್ನು ಹಾಕಿದರು.

ಬೇರೆಯವರಾಗಿದ್ದರೆ ಆ ಮೂಲೆಗೆ ವರ್ಗವಾಯಿತೆಂದು ಅಳುತ್ತಿದ್ದರು. ನೀನು ನಗುತ್ತಾ ಬಂದೆ, ಅಲ್ಲಿ ನಾನಿದ್ದೇನೆಂದು. ದಮ್ಮಿನ ಕಾಯಿಲೆಯ ನಿನ್ನ ಅವ್ವ ನಮ್ಮ ಮನೆ ಮುಂದೆ ಬೀದಿಯಲ್ಲೇ ಟ್ರಂಕಿನ ಮೇಲೆ ಕೂತರು. ಜಗಲಿ ಹತ್ತಿ ಎಂದು ನಾನು ಹೇಳಲಿಲ್ಲ.

"ನಿಮ್ಮ ಇತ್ತಲ ಎರಡಂಕಣದ ಮನೆ ಖಾಲಿ ಐತಂತಲ್ಲೇ. ಬಾಡಿಗೆ ಕೊಡ್ತೀನಿ ಕಣೆ. ಅವ್ವಂಗೆ ಈ ಚಳಿ ತಡೆಯಕ್ಕಾಗಕಿಲ್ಲ."

ಹಿತ್ತಲ ಮನೆ ಖಾಲಿಯೇ ಇತ್ತು. ಅತ್ತೆಯ ಮೇಲೆ ಹಾಕಿ ಪಾರಾಗುವಂತೆಯೂ ಇರಲಿಲ್ಲ — "ನಿನ್ ಗೆಳತಿ, ನೀನೇ ನೋಡ್ಕ" ಎಂದು ಅವರು ಒಳಗೆ ಹೋಗಿಬಿಟ್ಟಿದ್ದರು. ಬೀದಿಯ ಹೆಂಗಸರು ಏನೆಂದಾರು? ನಾದಿನಿಗೆ ಬಂದ ಸಂಬಂಧ ತಪ್ಪಿಹೋದರೆ? ಇಷ್ಟೇ ನಾನು ಯೋಚಿಸಿದ್ದು. ಕೆಟ್ಟ ನಕ್ಷತ್ರದಲ್ಲಿ ಸಾವಾದ ಮನೆಗೆ ಬೀಗ ಹಾಕಿ, ತಿಂಗಳುಗಟ್ಟಲೆ ಯಾರೂ ವಾಸ ಮಾಡದಂತೆ ಬಿಡುವುದು ನಮ್ಮ ಕಡೆಯ ಪದ್ಧತಿ. ಅದೇ ನಾಲಗೆಗೆ ಬಂತು.

"ನಮ್ ದೊಡ್ಡತ್ತೆ ಅಲ್ಲೇ ತೀರ್ಕಂಡ್ರು ಕಣೆ, ನಕ್ಷತ್ರ ಸರಿ ಇರ್ನಿಲ್ಲ. ಯುಗಾದಿ ಕಳೆಯೋಗಂಟ ಬೀಗ ತೆಗೆಯಂಗಿಲ್ಲ."

"ಅಯ್ಯೋ, ಅಂಗಾ," ಎಂದು ನೀನು ನನ್ನನ್ನೇ ಸಮಾಧಾನ ಮಾಡಿದೆ. ನಾನು — ಥೂ, ನನ್ನ ಜನ್ಮಕ್ಕೆ — ಸೆರಗಿನಿಂದ ಕಣ್ಣೊರೆಸಿಕೊಂಡೆ.

ನಿಮ್ಮವರ ಕೇರಿಯಲ್ಲಿ ಒಂದೊಂದು ಗುಡಿಸಿಲಲ್ಲೂ ಎರಡೆರಡು ಸಂಸಾರ. ನೀವು ಶಾಲೆಯ ಪಡಸಾಲೆಗೆ ತಡಿಕೆ ಕಟ್ಟಿಕೊಂಡು ಉಳಿದಿರಿ. ಹೊಳೆಯ ಗಾಳಿ ನೇರವಾಗಿ ಅಲ್ಲಿಗೇ ಬಡಿಯುತ್ತದೆ. ನಿನ್ನ ಅವ್ವನ ಕೆಮ್ಮು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ನಮ್ಮ ಅಟ್ಟದಲ್ಲಿ ಕಂಬಳಿಗಳಿದ್ದವು. ಒಂದನ್ನೂ ಕಳಿಸಲಿಲ್ಲ — ಕಳಿಸಿದರೆ ಅದೇ ನೆಪದಲ್ಲಿ ನೀನು ಮತ್ತೆ ಬಾಗಿಲಿಗೆ ಬಂದರೆ ಎಂಬ ಹೆದರಿಕೆ. ಶಿವರಾತ್ರಿಗೆ ಮುಂಚೆಯೇ ಆ ಕೆಮ್ಮು ನಿಂತುಹೋಯಿತು. ಮಣ್ಣಿಗೂ ನಾನು ಬರಲಿಲ್ಲ.

ಯುಗಾದಿಯ ಮಾರನೆಯ ದಿನ ನೀನು ಬಂದೆ. ನಿನ್ನನ್ನು ಕಂಡೊಡನೆ ನಾನು ಇನ್ನೊಂದು ಸುಳ್ಳಿಗಾಗಿ ತಡಕಾಡುತ್ತಿದ್ದೆ. ನೀನು ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ.

"ಮನೆ ಕೇಳಕ್ಕೆ ಬಂದಿಲ್ಲ ಕಣೆ, ಬೇರೆ ಊರಿಗೆ ವರ್ಗ ಆಯ್ತು. ಆ ಇತ್ತಲ ಮನೇಲಿ ಯಾರೂ ಸತ್ತಿಲ್ಲ ಅಂತ ಇಸ್ಕೂಲ್ ಮಕ್ಳು ನಾವು ಬಂದ ವಾರ್ದಲ್ಲೇ ಏಳಿದ್ವು. ಅವ್ವಂಗೆ ಮಾತ್ರ ನಾನು ಏಳ್ನಿಲ್ಲ. 'ಯುಗಾದಿ ಕಳುದ್ರೆ ನಿನ್ ಗೆಳತಿ ಮನೆ ಕೊಡ್ತಾಳಲ್ವೇನವ್ವ' ಅಂತ ದಿನಾ ಕೇಳೋಳು. ಊಂ ಕಣವ್ವ ಅಂತಿದ್ದೆ. ಕಡೇ ದಿನಾನೂ ಅಂಗೇ ಅಂದೆ."

ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ — ಒಂದು ಮಾತು ಬೈದಿದ್ದರೆ... ನೀನು ಹರಿಗೋಲಿನ ಕಡೆಗೆ ನಡೆದುಹೋದೆ.

ನಿನ್ನ ಅವ್ವ ನನ್ನನ್ನು ಒಳ್ಳೆಯವಳೆಂದು ನಂಬಿಯೇ ಹೋದರು, ಸಿದ್ದೀ. ಪ್ರತಿ ಯುಗಾದಿಯ ಮಾರನೆಯ ದಿನ ಆ ಮನೆಯ ಬೀಗ ತೆಗೆದು, ಗುಡಿಸಿ ಸಾರಿಸಿ, ಸಂಜೆಯವರೆಗೂ ಬಾಗಿಲು ತೆರೆದಿಡುತ್ತೇನೆ. ಯಾರೂ ಬರುವುದಿಲ್ಲ.