ರಾಹುಕಾಲ ಕಳೆದ ಮೇಲೆ ಹಾರಿದ ಡ್ರೋನ್

ಬ್ಯಾಟರಿ ಸಿಕ್ಕಿಸಿದ ಕೂಡಲೇ ಅದು ಮೂರು ಸ್ವರದಲ್ಲಿ ಕೂಗುತ್ತಿತ್ತು, ಕೆಳಗಿನಿಂದ ಮೇಲಕ್ಕೆ. ಹಾಸನದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಪ್ರೇಯರ್‌ಗೆ ಮುಂಚೆ ಪಿಯಾನೋದ ಮೇಲೆ ಹೀಗೇ ಮೂರು ಸ್ವರ ನುಡಿಸಿ ನಮ್ಮ ಗಂಟಲು ಸರಿಮಾಡಿಸುತ್ತಿದ್ದರು. ಅಷ್ಟು ಸ್ವೀಟ್ ಆದ ದನಿ. ಆಮೇಲೆ ರೆಕ್ಕೆಗಳು ತಿರುಗತೊಡಗಿದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸದು. ನಮ್ಮೂರ ಗಂಡಸರಿಗೆ ಅದು ಬಹಳ ಅನುಕೂಲವಾಯಿತು.

ನಮ್ಮೂರು ಕೊಣನೂರಿಗೆ ಹತ್ತಿರ. ನನ್ನ ತಮ್ಮ ಅಲ್ಲಿನ ರೈತರ ಗುಂಪಿನ ಅಧ್ಯಕ್ಷ. ಆ ವರ್ಷ ಮುಸುಕಿನ ಜೋಳಕ್ಕೆ ಸೈನಿಕ ಹುಳು ಬಿದ್ದಿತ್ತು. ಬೆನ್ನಿಗೆ ಟ್ಯಾಂಕ್ ಹೊತ್ತು ಆಳೆತ್ತರದ ಜೋಳದೊಳಗೆ ನುಗ್ಗಿ, ವಿಷವನ್ನು ಮೈಮೇಲೆ ಸುರಿದುಕೊಂಡು ಔಷಧಿ ಹೊಡೆಯಲು ಯಾರೂ ಒಪ್ಪುತ್ತಿರಲಿಲ್ಲ. ಗುಂಪಿನಿಂದ ಡ್ರೋನ್ ತರೋಣ ಎಂದರು. ನಾನೇನು ಮೆಷಿನ್ ಕಂಡರೆ ಮೂಗು ಮುರಿಯುವ ಮುದುಕಿಯಲ್ಲ. ತರಲಿ ಎಂದೆ. ಯಾವುದನ್ನು ತರುವುದು ಎನ್ನುವಲ್ಲಿ ಜಗಳ ಶುರುವಾಯಿತು. ಹಾಸನದ ಡೀಲರ್ ಕೊಟ್ಟ ಬ್ರೋಷರುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಆದ್ದರಿಂದ ನನ್ನ ನೆನಪಾಯಿತು.

ಒಂದಕ್ಷರ ಬಿಡದೆ ಓದಿದೆ. ವಿಮಾನದಂಥದ್ದೊಂದಿತ್ತು. ದೊಡ್ಡ ಎಸ್ಟೇಟಿನ ಮೇಲೆ ಹಾರಿ ಫೋಟೋ ತೆಗೆಯುವುದಕ್ಕೆ ಸರಿ, ಔಷಧಿ ಹೊಡೆಯುವ ನಮಗೆ ಯೂಸ್‌ಲೆಸ್. ಉಳಿದವು ಎರಡು. ಸಣ್ಣ ಟ್ಯಾಂಕಿನದು ತಗ್ಗಿನಲ್ಲಿ ಹಾರುತ್ತದೆ, ಚಿಕ್ಕ ಹೊಲದ ಮೂಲೆಯಲ್ಲೂ ತಿರುಗುತ್ತದೆ, ಆದರೆ ಮತ್ತೆ ಮತ್ತೆ ಇಳಿಸಿ ತುಂಬಿಸಬೇಕು. ದೊಡ್ಡದು ಒಂದೇ ಏಟಿಗೆ ಹೊಲ ಮುಗಿಸುತ್ತದೆ, ಆದರೆ ಅದು ಎಬ್ಬಿಸುವ ಗಾಳಿಗೆ ಔಷಧಿ ಬದು ದಾಟುತ್ತದೆ. ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲೇ ಹಾರಿಸಬೇಕೆಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

"ಸಣ್ಣದು ತಗೊಳ್ಳಿ" ಎಂದೆ. "ಬದುವಿನಾಚೆ ಹಿಪ್ಪುನೇರಳೆ ಇದೆ."

ಆ ಹಿಪ್ಪುನೇರಳೆ ನಮ್ಮ ನೆರೆಯ ಹೆಣ್ಣುಮಗಳದು. ಗಂಡ ತೀರಿಕೊಂಡ ಮೇಲೆ ರೇಷ್ಮೆ ಹುಳು ಸಾಕಿ ಮಗಳನ್ನು ಓದಿಸುತ್ತಿದ್ದಳು. ಯಾರೇ ಔಷಧಿ ಹೊಡೆಯುವುದಿದ್ದರೂ ಹಿಂದಿನ ಸಂಜೆ ಅವಳ ಹುಳದ ಮನೆಯ ಮುಂದೆ ನಿಂತು ಕೂಗಿ ಹೇಳುವುದು ನಮ್ಮೂರಿನ ರೂಢಿ. ಅವಳು ಸೊಪ್ಪು ಕುಯ್ದು ಒದ್ದೆ ಗೋಣಿತಾಟಿನಲ್ಲಿ ಮುಚ್ಚಿಡುತ್ತಿದ್ದಳು. ಟ್ಯಾಂಕ್ ಹೊತ್ತವನು ಬದುವಿನ ಪಕ್ಕದ ಸಾಲುಗಳನ್ನು ಹಾಗೇ ಬಿಡುತ್ತಿದ್ದ. ಯಾವ ರೂಲ್ ಬುಕ್ಕಿನಲ್ಲೂ ಇಲ್ಲದ ಕರ್ಟೆಸಿ.

ತಮ್ಮ ನಕ್ಕ. "ಅಕ್ಕ, ಓದು ಅಂದ್ರೆ ಓದಿ ಮಡಗು. ನಮ್ ಬೀಗ್ರು ಚನ್ನರಾಯಪಟ್ಣದಲ್ಲಿ ಸಣ್ಣದು ತಂದವ್ರೆ. ನಾನೂ ಸಣ್ಣದೇ ತಂದ್ರೆ ಅವ್ರ್ ಮುಂದೆ ಮೀಸೆ ಹೊತ್ಕೊಂಡು ಓಡಾಡಕ್ಕಾಯ್ತದಾ?"

ಬೀಗರ ಮುಂದೆ ಮೀಸೆ! ಡ್ರೋನ್ ಆಯ್ಕೆಗೆ ಆ ಗಂಡಸರಿಗೆ ಸಿಕ್ಕ ಟೆಕ್ನಿಕಲ್ ಕಾರಣ ಅದೊಂದೇ. ದೊಡ್ಡದೇ ಬಂತು.

ಮೊದಲ ಹಾರಾಟದ ಹಿಂದಿನ ಸಂಜೆ ನಾನೇ ಹೋಗಿ ಅವಳಿಗೆ ಹೇಳಿದೆ. ಹುಳು ಪೊರೆ ಬಿಡುವುದಕ್ಕೆ ರೇಷ್ಮೆ ಸಾಕುವವರು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಗಲೂ ರಾತ್ರಿ ತಿಂದು, ಒಂದು ವಾರದಲ್ಲಿ ಗೂಡು ಕಟ್ಟುತ್ತದೆ. ಅವಳ ಹುಳುಗಳು ಆಗಷ್ಟೇ ಎದ್ದಿದ್ದವು.

"ಒಂದಿನಕ್ಕಾಗೋವಷ್ಟು ಕುಯ್ದಿಟ್ಕತೀನಿ ದೊಡ್ಡವ್ವ, ಅದ್ಕಿಂತ ಇಟ್ರೆ ಸೊಪ್ಪು ಬಾಡೋಯ್ತದೆ" ಎಂದಳು. "ಬದಿನ ಕಡೀಕ್ ಬರ್ದಿದ್ರೆ ಸಾಕು. ಈಗ ಒಂದೊತ್ತು ತಪ್ಸಿದ್ರೆ ನನ್ನೇ ತಿಂದ್ಬುಡ್ತವೆ ಇವು!" ಎಂದು ನಕ್ಕಳು. ಬದುವಿನ ಕಡೆ ಬರುವುದಿಲ್ಲವೆಂದು ತಮ್ಮ ನನ್ನೆದುರಿಗೇ ಒಪ್ಪಿಕೊಂಡಿದ್ದ.

ಅದು ಸೋಮವಾರ. ಬೆಳಿಗ್ಗೆ ಆರೂವರೆಗೆ ಜೋಳದ ಒಂದು ಗರಿಯೂ ಅಲುಗುತ್ತಿರಲಿಲ್ಲ. ಡ್ರೋನ್ ಹಾರಿಸುವವನು ಸಿದ್ಧನಾಗಿ ನಿಂತಿದ್ದ.

"ಹಾರಿಸೋ ಈಗಲೇ" ಎಂದೆ.

"ಪೂಜೆ ಆಗ್ದಲೇ ಹಾರ್ಸಕ್ಕಾಯ್ತದಾ? ಬೀಗ್ರು ಇನ್ನೂ ಬಸ್ಸಲ್ಲವ್ರೆ" ಎಂದ ತಮ್ಮ. "ಏಳೂವರೆಗೆ ರಾಹುಕಾಲ ಬೇರೆ ಹಿಡ್ಕತದೆ. ಒಂಬತ್ತಕ್ಕೆ ಕಳೀಲಿ ಕಣಕ್ಕ."

ರಾಹುಕಾಲ ಕಳೆಯಿತು, ಬೀಗರು ಬಂದರು, ಅವರ ಜೊತೆಗೇ ಪಡುವಣ ಗಾಳಿಯೂ ಬಂತು. ರೆಕ್ಕೆಗಳಿಗೆ ಕುಂಕುಮ ಇಟ್ಟರು, ಕಾಲಡಿಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಹಾರಿಸುವವನು ತಲೆ ಕೆರೆದುಕೊಂಡು, "ಸಾ, ಗಾಳಿ ಜಾಸ್ತಿ ಐತೆ. ನಾಳೀಕ್ ಮಡಿಕಳಾನ" ಎಂದ.

"ಜನ ಸೇರವ್ರೆ ಕಣಪ್ಪ, ಎಬ್ಸು ಮೇಲಕ್ಕೆ" ಎಂದ ತಮ್ಮ.

ನಾನು ಅರಚಿದೆ. ರೆಕ್ಕೆಗಳ ಸದ್ದಿನಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದರು. ಔಷಧಿಯ ಮಂಜು ಬದು ದಾಟಿ ಹಿಪ್ಪುನೇರಳೆಯ ಮೇಲೆ ಮೆಲ್ಲಗೆ ಇಳಿಯುವುದನ್ನು ನಿಂತಲ್ಲೇ ನೋಡಿದೆ. ಆ ಕಡೆಯಿಂದ ಅವಳು ಸೆರಗು ಬೀಸುತ್ತಾ ಓಡಿ ಬರುತ್ತಿದ್ದಳು. ಬೀಗರೊಬ್ಬರು ಅವಳನ್ನು ತೋರಿಸಿ, "ನೋಡಿ, ಆಯಮ್ಮಂಗೂ ಎಂಥಾ ಖುಷಿ!" ಎಂದರು.

ಮುಚ್ಚಿಟ್ಟ ಸೊಪ್ಪು ಮಾರನೆಯ ದಿನಕ್ಕೆ ಮುಗಿಯಿತು. ಅವಳು ಹೊಳೆನರಸೀಪುರದ ಕಡೆಯ ತವರಿಗೆ ಹೋಗಿ ಬಸ್ಸಿನ ಮೇಲೆ ಸೊಪ್ಪಿನ ಹೊರೆ ಹೇರಿಕೊಂಡು ಬಂದಳು. ಆ ಹಸಿವಿಗೆ ಅದು ಯಾವ ಮೂಲೆಗೆ? ಕೊನೆಗೆ, ಇಲ್ಲಿಗೆ ತಾಕಿರಲಾರದು ಎಂದುಕೊಂಡು, ತನ್ನ ತೋಟದ ಆಚೆ ತುದಿಯ ಸಾಲು ಕುಯ್ದು ಹಾಕಿದಳು. ಹುಳುಗಳು ತಲೆಯೆತ್ತಿ ಹೊರಳಾಡಿ, ಹಸಿರು ನೀರು ಕಾರಿ, ಮೊಟಕಾಗಿ ಸತ್ತವು. ಕಾಲು ತೊಳೆಯದೆ ಯಾರನ್ನೂ ಹುಳದ ಮನೆಗೆ ಬಿಡದವಳು ನಾನು ಹೊಸಿಲ ಹೊರಗೇ ನಿಂತಿದ್ದನ್ನು ಕಂಡು, "ಹಂಗೇ ಬನ್ನಿ ದೊಡ್ಡವ್ವ, ಇನ್ನೇನೈತೆ ಕಾಪಾಡಕ್ಕೆ" ಎಂದಳು.

ಗುಂಪಿನ ಸಭೆಯಲ್ಲಿ ತಮ್ಮ ಹೇಳಿದ್ದಿಷ್ಟು. "ಹುಳಕ್ಕೆ ಮೊದ್ಲೇ ರೋಗ ಇತ್ತೇನೋ, ಯಾರ್ ಕಂಡೋರು? ಎಲ್ರಂಗೆ ಜೋಳ ಹಾಕಂಡ್ರೆ ಆಯ್ತಪ್ಪ."

"ಹೌ ಡೇರ್ ಯೂ!" ಎಂದೆ.

"ಕನ್ನಡದಲ್ ಬಯ್ಯಕ್ಕ, ಇಂಗ್ಲಿಷ್ ನಂಗ್ ತಾಕಲ್ಲ" ಎಂದ. ಎಲ್ಲರೂ ನಕ್ಕರು.

ಕನ್ನಡದಲ್ಲೇ ಬೈದೆ. ನಮ್ಮವ್ವ ಬದುಕಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಅಂಥ ಕನ್ನಡ. ನಗು ನಿಂತಿತು. ಬೇರೇನೂ ಬದಲಾಗಲಿಲ್ಲ. ಜ್ವರ ಬಂದ ರಾತ್ರಿ ನನ್ನ ತೊಡೆಯ ಮೇಲೆ ಮಲಗಿ ಕಥೆ ಹೇಳು ಎಂದು ಪೀಡಿಸುತ್ತಿದ್ದ ಮಗು ಅವನು. ಈಗ ಪಕ್ಕದ ಮನೆಯಲ್ಲೇ ಇದ್ದಾನೆ, ಅವನ ಮನೆಯ ಕಾಫಿ ನಾನು ಕುಡಿಯುವುದಿಲ್ಲ.

ಆ ಬೇಸಿಗೆಗೆ ಅವಳು ಹಿಪ್ಪುನೇರಳೆ ಕೀಳಿಸಿದಳು. ಡ್ರೋನ್ ಇಲ್ಲಿಂದ ಹೋಗುವುದಿಲ್ಲ, ಇನ್ನು ಹುಳು ಮೇಯಿಸುವ ಧೈರ್ಯ ತನಗಿಲ್ಲ ಎಂದಳಂತೆ. ಜೋಳ ಹಾಕಲೂ ಇಲ್ಲ. ಹೊಲ ಬೀಳುಬಿಟ್ಟು, ಮಗಳನ್ನು ಕರೆದುಕೊಂಡು ಹಾಸನಕ್ಕೆ ಹೊರಟಳು. ಅವತ್ತು ನಾನು ಡಾಕ್ಟರಿಗೆ ತೋರಿಸಿಕೊಳ್ಳಲು ಹೋಗಿ ಅರಕಲಗೂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಹಾಸನದ ಬಸ್ಸಿನ ಕಿಟಕಿಯಲ್ಲಿ ಅವಳನ್ನು ಕಂಡು ಹತ್ತಿರ ಹೋದೆ, ಅವಳ ಕೈಯಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯವರು ಕೊಟ್ಟ ನೀಲಿ ಕೋಟು ಇತ್ತು. ಐ ಆಮ್ ಸಾರಿ ಎಂದು ಇಂಗ್ಲಿಷೇ ಬಾಯಿಗೆ ಬಂತು. ನುಂಗಿಕೊಂಡೆ.

ಅವಳೇ ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದುಕೊಂಡಳು. "ದೊಡ್ಡವ್ವ, ನಿಮ್ ತಮ್ಮಯ್ಯಂಗೆ ಹೇಳಿ. ಇನ್ಮ್ಯಾಕೆ ಎಂಥಾ ಗಾಳೀಲಾದ್ರೂ ಹಾರುಸ್ಕಬೌದು."

ಬಸ್ಸು ಹೊರಟಿತು. ಅವಳನ್ನು ಮತ್ತೆ ನೋಡಿಲ್ಲ.