ಗಾಜಿನ ತೊಟ್ಟಿಯ ಬೆಸ್ಸಿ

ಬೈಯುವುದರಲ್ಲಿ ಆರ್ಡೆಲ್‌ಳನ್ನು ಮೀರಿಸುವ ಹೆಂಗಸು ಅಮೆರಿಕದ ಓರೆಗಾನಿನ ಆ ಕರಾವಳಿಯಲ್ಲೇ ಇರಲಿಲ್ಲ. ಬೇಯಿಸಿದ ಏಡಿಯಿಂದ ಮಾಂಸ ಬಿಡಿಸುವ ಕಾರ್ಖಾನೆಯಲ್ಲಿ ಅರ್ಧ ಆಯುಸ್ಸು ಕಳೆದವಳು. ಅಲ್ಲಿನ ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಅದೇ ಎತ್ತರದಲ್ಲಿ ನಿಂತುಬಿಟ್ಟಿತ್ತು. ಮೇಸ್ತ್ರಿಗೆ ಬೈದಳು, ಪಾದ್ರಿಗೆ ಬೈದಳು, ಗಂಡ ಡೆಲ್ಮಂಟ್‌ಗಂತೂ ಬೆಳಗಿನ ಕಾಫಿಯ ಜೊತೆಗೇ ಶುರು. ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ ಡೆಲ್ಮಂಟ್ ಅದನ್ನೆಲ್ಲ ರೇಡಿಯೋ ಕೇಳಿದ ಹಾಗೆ ಕೇಳಿಸಿಕೊಂಡು, ಊಟದ ಡಬ್ಬಿ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಬೈಗುಳ ಸಿಗದ ದಿನ ಮನೆಯಲ್ಲಿ ಏನೋ ಮರೆತು ಬಂದಂತೆ ಅವನಿಗೆ ಕಸಿವಿಸಿ.

ಇಂಥ ಬಾಯಿಯವಳು ಸುಮ್ಮನಾಗುತ್ತಿದ್ದುದು ಒಂದೇ ಜಾಗದಲ್ಲಿ, ಇಳಿತದ ಹೊತ್ತಿನ ಬಂಡೆಗಳ ಮೇಲೆ. ನೀರು ಹಿಂದೆ ಸರಿದಾಗ ಬಂಡೆಯ ಹೊಂಡಗಳಲ್ಲಿ ಉಳಿದುಕೊಳ್ಳುವ ಸಣ್ಣ ಜೀವಗಳನ್ನು ತಂದು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವುದು ಅವಳ ಹುಚ್ಚು. ಹುಚ್ಚಾದರೂ ಕಾನೂನಿನ ಗೆರೆ ದಾಟಿದವಳಲ್ಲ. ವರ್ಷವರ್ಷವೂ ಲೈಸೆನ್ಸು ಮಾಡಿಸುವಳು. ದಿನಕ್ಕೆ ಇಷ್ಟೇ ಎಂಬ ಮಿತಿಯಿದ್ದರೆ ಅದರ ಕಾಲುಭಾಗವನ್ನೂ ಮುಟ್ಟುತ್ತಿರಲಿಲ್ಲ. ಮಗುಚಿದ ಕಲ್ಲನ್ನು ಇದ್ದ ಹಾಗೇ ಮತ್ತೆ ಕವುಚಿಡುವಳು. ಲೈಸೆನ್ಸು ತಪಾಸಣೆಯ ವಾರ್ಡನ್ ದೂರದಲ್ಲಿ ಕಂಡರೆ ಸಾಕು, ಅವನು ಕೇಳುವ ಮೊದಲೇ ಬಕೆಟ್ಟನ್ನು ಅವನ ಮೂಗಿನ ಕೆಳಗೆ ಹಿಡಿಯುವಳು. ಪಾಪ, ಅವನು ಅವಳನ್ನು ಕಂಡರೆ ದಾರಿ ಬದಲಿಸತೊಡಗಿದ್ದ.

ಇನ್ನೊಂದು ಕಟ್ಟುಪಾಡೂ ಇತ್ತು: ಒಮ್ಮೆ ಮನೆಯ ಹೊಸ್ತಿಲು ದಾಟಿ ಬಂದದ್ದು ಮರಳಿ ಕಡಲಿಗೆ ಹೋಗಕೂಡದು. ತೊಟ್ಟಿಯ ರೋಗ ಹೊಂಡಕ್ಕೆ ಅಂಟೀತು. ಆದ್ದರಿಂದ ತರುವ ಮೊದಲು ಹತ್ತು ಸಲ ಯೋಚಿಸು, ತಂದಮೇಲೆ ಸಾಯುವವರೆಗೆ ಸಾಕು ಎನ್ನುವುದು ಅವಳ ಮಾತು.

ಹಾಗೆ ಸಾಕಿದವರಲ್ಲಿ ಹಿರಿಯಳು ಬೆಸ್ಸಿ. ನೋಡಿದರೆ ಹೂವು, ಆದರೆ ಪ್ರಾಣಿ. ಹಸಿರು ಮೈ, ಗುಲಾಬಿ ತುದಿಯ ಎಸಳುಗಳು, ಕಲ್ಲಿಗೆ ಕಚ್ಚಿಕೊಂಡು ಕೂತರೆ ಕೂತೇ ಇರುವ ಕಡಲಹೂವು. ಮದುವೆಯಾದ ಹೊಸತರಲ್ಲಿ ತಂದದ್ದು. ಭಾನುವಾರದ ಪ್ರಾರ್ಥನೆ ತಪ್ಪಿದರೂ ಬೆಸ್ಸಿಗೆ ಚಿಪ್ಪಿಮಾಂಸದ ಚೂರು ತಪ್ಪುತ್ತಿರಲಿಲ್ಲ. ಆರ್ಡೆಲ್ ಬೆರಳು ಅದ್ದಿದರೆ ಎಸಳುಗಳು ಮೆಲ್ಲಗೆ ಹಿಡಿದುಕೊಳ್ಳುತ್ತಿದ್ದವು. ಮೈಗೆ ತಾಕಿದ್ದನ್ನೆಲ್ಲ ಅದು ಹಾಗೇ ಹಿಡಿಯುತ್ತದೆ ಎಂದು ಆರ್ಡೆಲ್‌ಗೆ ಗೊತ್ತಿರಲಿಲ್ಲವೆಂದಲ್ಲ. ಮಕ್ಕಳಾಗದ ಮನೆಯಲ್ಲಿ ಅಷ್ಟಾದರೂ ಹಿಡಿಯುವ ಒಂದು ಜೀವವಿತ್ತು. ಬೆಸ್ಸಿ ಎನ್ನುವುದು ಅಲ್ಲಿಯವರು ಹಸುವಿಗಿಡುವ ಹೆಸರು, ಅದನ್ನಿಟ್ಟವನು ಡೆಲ್ಮಂಟ್.

"ಹಾಲು ಕೊಡಲ್ಲ, ಕರು ಹಾಕಲ್ಲ, ಮೇವು ಮಾತ್ರ ಟೈಮಿಗೆ ಸರಿಯಾಗಿ ಬೇಕು ನಿನ್ ಹಸುಗೆ," ಎಂದು ಅವನು ಛೇಡಿಸುತ್ತಿದ್ದ.

"ನೀನೇನು ಹಾಲು ಕೊಡ್ತೀಯಾ? ಮುಚ್ಕೊಂಡು ಉಣ್ಣು," ಎನ್ನುತ್ತಿದ್ದಳು ಅವಳು.

ಡೆಲ್ಮಂಟ್ ಮಾತ್ರ ಆ ಬಂಡೆಗಳ ಕಡೆಗೆ ಸುಳಿಯುತ್ತಿರಲಿಲ್ಲ. ಅವನ ತಮ್ಮ ರಸೆಲ್ ಇದ್ದ ದೋಣಿ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಗುಚಿ, ಹುಡುಗ ಸಿಗಲೇ ಇಲ್ಲ. ಅಂದಿನಿಂದ ಡೆಲ್ಮಂಟ್ ಕಡಲಿಗೆ ಬೆನ್ನು ಹಾಕಿದವನು. ಹೆಂಡತಿ ಬಂಡೆಗೆ ಇಳಿದಾಗ ಲಾರಿಯೊಳಗೆ ಕಿಟಕಿ ಏರಿಸಿಕೊಂಡು, ಕಾಡಿನ ಕಡೆ ಮುಖಮಾಡಿ ಕೂತಿರುತ್ತಿದ್ದ. ಈ ಒಂದು ವಿಷಯಕ್ಕೆ ಆರ್ಡೆಲ್ ಅವನಿಗೆ ಎಂದೂ ಬೈಯಲಿಲ್ಲ.

ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿದಾಗ ಕಾಲ ಮಿಂಚಿತ್ತು. ಇನ್ನು ಮನೆಯಲ್ಲೇ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದರು ಡಾಕ್ಟರು. ಡೆಲ್ಮಂಟ್ ಕಿವಿಗೆ ಹಾಕಿಕೊಳ್ಳಲಿಲ್ಲ. "ಡಾಕ್ಟ್ರಿಗೇನು ಗೊತ್ತು? ಇವಳು ನನ್ನನ್ನ ಹೂತು, ಗೋರಿ ಮುಂದೆ ನಿಂತು ಬೈದು ಆಮೇಲೆ ಹೋಗೋಳು," ಎಂದು ಮನೆಗೆ ಬಂದು ನೋಡಿಹೋಗುವ ನರ್ಸ್ ಜೋಲೀನ್‌ಗೆ ಹೇಳಿದ. ಹಿಂದಿನ ಕೋಣೆಯಲ್ಲಿದ್ದ ತೊಟ್ಟಿಯನ್ನು ಅವಳ ಮಂಚದ ಪಕ್ಕಕ್ಕೆ ತಂದ. ಅದರ ನೀರು ಕಡಲಿನಷ್ಟೇ ತಣ್ಣಗಿರಬೇಕು, ಕೋಣೆ ಬೆಚ್ಚಗಾದರೆ ನೀರು ತಂಪಾಗಿಸುವ ಯಂತ್ರ ಏದುಸಿರು ಬಿಡುತ್ತದೆ. ಹಾಗಾಗಿ ಹೀಟರ್ ಆರಿಸಿ, ಆರ್ಡೆಲ್ ಮೇಲೆ ರಜಾಯಿಗಳನ್ನು ಪೇರಿಸಿದ. ಬಂದ ಜೋಲೀನ್ ಕೋಟು ಬಿಚ್ಚದೆಯೇ ಗೊಣಗಿದಳು.

ತೊಟ್ಟಿಯಲ್ಲಿ ಬೆಸ್ಸಿಯೊಂದೇ ಉಳಿದಿತ್ತು. ಖಾಲಿ ಚಿಪ್ಪು ಹೊತ್ತು ತಿರುಗುವ ಪುಟ್ಟ ಏಡಿಗಳು ನಾಲ್ಕು ಇದ್ದರೆ ಕಣ್ಣಿಗೆ ಓಡಾಟ ಸಿಗುತ್ತಿತ್ತು ಎಂದು ಆರ್ಡೆಲ್ ಒಮ್ಮೆ ಸುಮ್ಮನೆ ಅಂದಳು. ಮರುದಿನ ಬೆಳಿಗ್ಗೆ ಡೆಲ್ಮಂಟ್ ಕಾಣಲಿಲ್ಲ. ಬಂದಾಗ ಮೊಣಕಾಲು ತರಚಿತ್ತು, ಬಟ್ಟೆ ಸೊಂಟದವರೆಗೆ ಒದ್ದೆ, ಕೈಯಲ್ಲಿ ಹೊಸ ಲೈಸೆನ್ಸು, ಬಕೆಟ್ಟು.

"ಹೋಗಿದ್ಯಾ?" ಎಂದಳು.

"ಹೋಗದೆ ಏನು, ಅಂಗಡೀಲಿ ಸಿಗ್ತವಾ? ಏಡಿ ತಂದೆ. ಇನ್ನೊಂದು ನೋಡು, ಇದು ನೀನು ಹೇಳಿದ್ದಲ್ಲ. ನಾನೇ ಹುಡುಕಿದ್ದು!"

ಬಕೆಟ್ಟಿನ ತಳದಲ್ಲಿ ಹೆಬ್ಬೆರಳುದ್ದದ ಒಂದು ಜೀವ. ಚಿಪ್ಪಿಲ್ಲದ ಬಸವನಹುಳು, ಬೆನ್ನ ತುಂಬ ಬೂದುಬಣ್ಣದ ಜೂಲು. "ಕಂಬಳಿ ಹೊದ್ದ ಇಲಿಮರಿ ಥರ ಇದೆಯಲ್ಲೇ!" ಎಂದು ಅರವತ್ತು ದಾಟಿದ ಗಂಡಸು ನಗುತ್ತಿದ್ದ. ರಸೆಲ್ ಹೋದಮೇಲೆ ಕಡಲಿನ ಮಾತು ಆಡುತ್ತ ಅವನು ನಕ್ಕಿದ್ದನ್ನು ಅವಳು ಕಂಡಿರಲಿಲ್ಲ.

ಆ ಹುಳು ಏನು ತಿನ್ನುತ್ತದೆಂದು ಅವಳಿಗೆ ಗೊತ್ತಿತ್ತು. ಕಡಲಹೂವನ್ನೇ ತಿನ್ನುತ್ತದೆ, ಬೇರೇನೂ ಅದಕ್ಕೆ ಸೇರದು. ಬೇರೆ ದಿನವಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಈಗ ಅವನ ತರಚಿದ ಮೊಣಕಾಲು ನೋಡಿದಳು. ವಾಪಸು ಬಿಡುವಂತಿಲ್ಲ, ಬೇರೆ ಇಟ್ಟರೆ ಉಪವಾಸ ಸಾಯುತ್ತದೆ, ಯಾಕೆಂದು ಅವನು ಕೇಳುತ್ತಾನೆ. ಹುಳು ಸಣ್ಣದು, ಬೆಸ್ಸಿ ದೊಡ್ಡದು. ತಾನಿರುವಷ್ಟು ದಿನ ಬೆಸ್ಸಿ ತಾಳಿಕೊಂಡರೆ ಸಾಕು, ಆಮೇಲೆ ಹೇಗೂ ಅದನ್ನು ನೋಡುವವರು ಯಾರು? ಹೀಗೆ ಲೆಕ್ಕ ಹಾಕಿ, "ಚೆನ್ನಾಗಿದೆ, ಬಿಡು," ಎಂದಳು.

ಡೆಲ್ಮಂಟ್ ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ತನ್ನ ಇಲಿಮರಿಯನ್ನು ಜೋಪಾನವಾಗಿ ತೊಟ್ಟಿಗೆ ಇಳಿಸಿದ.

ಲೆಕ್ಕ ತಪ್ಪಿತು. ಹುಳು ದಿನದಿನಕ್ಕೆ ಕೊಬ್ಬಿತು. ತಲೆಯನ್ನು ದಿಂಬಿನ ಮೇಲೆ ಹೊರಳಿಸಿದರೆ ಆರ್ಡೆಲ್‌ಗೆ ಕಾಣುತ್ತಿದ್ದುದು ಅದೇ: ಜೂಲಿನ ಬೆನ್ನು ಬೆಸ್ಸಿಗೆ ಅಂಟಿಕೊಂಡು ಎಸಳು ಎಸಳಾಗಿ ಬೋಳಿಸುವುದು. ಬೆಸ್ಸಿಗೆ ಕೂಗಲು ಬಾಯಿಲ್ಲ, ಓಡಲು ಕಾಲಿಲ್ಲ. ಅವಳು ಗೋಡೆಯ ಕಡೆ ತಿರುಗಿಕೊಂಡು ಅತ್ತಳು. ನೋವಾ ಎಂದು ಅವನು ಕೇಳಿದರೆ ಹೂಂ ಎಂದಳು. ಅದು ಸುಳ್ಳೂ ಆಗಿರಲಿಲ್ಲ.

ಬೆಸ್ಸಿ ಮುದುಡಿದ್ದು ಡೆಲ್ಮಂಟ್‌ನ ಕಣ್ಣಿಗೂ ಬಿತ್ತು. ತಪ್ಪೆಲ್ಲ ತನ್ನದೆಂದು ಹೊತ್ತುಕೊಂಡ. ನೀರು ಸರಿಯಿಲ್ಲವೇನೋ ಎಂದು ಮತ್ತೆ ಮತ್ತೆ ಕಡಲ ನೀರು ಹೊತ್ತು ತಂದ. ಯಂತ್ರ ಬಿಚ್ಚಿ ಕಟ್ಟಿದ. "ನಿನ್ನ ಕೈಲಿ ಇಷ್ಟು ವರ್ಷ ಬಾಳಿತು, ನನ್ನ ಕೈಗೆ ಬಂದದ್ದೇ ತಡ ಹಾಳಾಯ್ತು," ಎಂದ.

"ವಯಸ್ಸಾಯ್ತು ಅದಕ್ಕೆ. ನಿನ್ನದೇನಿಲ್ಲ," ಎಂದಳು.

ಆ ಮಾತಿಗೂ ಅವನು ತಿರುಗಿ ಅವಳ ಮುಖವನ್ನೇ ನೋಡಿದ.

ಬೆಸ್ಸಿ ಇದ್ದ ಜಾಗದಲ್ಲಿ ಒಂದು ಬೆಳಿಗ್ಗೆ ಲೋಳೆಯಷ್ಟೇ ಉಳಿದಿತ್ತು. ಹೊರಗೆ ನೈಋತ್ಯದ ಗಾಳಿ, ಅಲೆಗಳ ಗುಡುಗು ಹಾಸಿಗೆಯವರೆಗೆ ಕೇಳುತ್ತಿತ್ತು. ಅಳಿವೆ ದಾಟಬೇಡಿ ಎಂದು ರೇಡಿಯೋ ಸಾರುತ್ತಿತ್ತು. ಡೆಲ್ಮಂಟ್ ಬಕೆಟ್ಟು ಎತ್ತಿಕೊಂಡ.

"ಎಲ್ಲಿಗೆ?"

"ಇನ್ನೊಂದು ಬೆಸ್ಸಿ ತರ್ತೀನಿ. ಇಳಿತ ಶುರುವಾಗಿದೆ."

"ಹುಚ್ಚಾ ನಿಂಗೆ? ಈ ಅಲೆಗೆ ಯಾರೂ ಹೋಗಲ್ಲ."

"ನಾನು ಕೊಂದಿದ್ದು, ನಾನೇ ತರಬೇಕು."

ಅವನು ಬಾಗಿಲು ತೆರೆದೇಬಿಟ್ಟ. ಆರ್ಡೆಲ್‌ಗೆ ಬೇರೆ ದಾರಿ ಉಳಿಯಲಿಲ್ಲ. "ನಿಲ್ಲೋ! ನೀನು ಕೊಂದಿಲ್ಲ. ಆ ಹುಳು ತಿಂದಿದ್ದು. ಅದರ ಊಟಾನೇ ಬೆಸ್ಸಿ," ಎಂದಳು.

ಅವನು ಬಕೆಟ್ಟು ಹಿಡಿದುಕೊಂಡೇ ನಿಂತ. ತೊಟ್ಟಿಯನ್ನು ನೋಡಿದ.

"ಯಾವಾಗ ಗೊತ್ತಾಯ್ತು?"

"ನೀನು ತಂದಾಗಲೇ."

"ತಂದಾಗಲೇ," ಎಂದು ಅವನು ಮೆಲ್ಲಗೆ ಹೇಳಿಕೊಂಡ. ಹೆಂಡತಿಯ ಪ್ರಾಣದಂಥ ಜೀವಕ್ಕೆ ತನ್ನ ಕೈಯಾರೆ ಮೃತ್ಯು ತಂದೆನೆಂದು ಅವನು ಕುಸಿಯುತ್ತಾನೆ ಎಂದೇ ಅವಳು ಹೆದರಿದ್ದಳು. ಅವನು ಬೆಸ್ಸಿಯ ಮಾತೇ ಎತ್ತಲಿಲ್ಲ. ಮಂಚದ ಅಂಚಿಗೆ ಬಂದು ಕೂತ. "ಆದ್ರೂ ನೀನು ಬೈಲಿಲ್ಲ," ಎಂದ.

"ಬೈಯೋಕೆ ಮನಸ್ಸು ಬರಲಿಲ್ಲ ಕಣೋ."

"ಬೆಸ್ಸೀನ ಕಣ್ಣೆದುರೇ ತಿನ್ನಿಸ್ಕೊಂಡು ಮಲಗಿದ್ದೆ, ಬೈಲಿಲ್ಲ." ಅವನು ಬಕೆಟ್ಟು ಕೆಳಗಿಟ್ಟ. "ಅವತ್ತೇ ನನಗೆ ಒಂಥರಾ ಅನ್ನಿಸ್ತು. ಡಾಕ್ಟ್ರು ಹೇಳಿದ್ದನ್ನ ನಾನು ನಂಬಿರಲಿಲ್ಲ, ಆರ್ಡೆಲ್. ಈಗ ನಂಬಬೇಕಾಯ್ತಲ್ಲ."

ಅವಳಿಗೆ ಆಗ ಹೊಳೆಯಿತು. ಇಷ್ಟು ದಿನ ಅವನನ್ನು ನೋಯಿಸಬಾರದೆಂದು ಬಾಯಿ ಬಿಗಿಹಿಡಿದದ್ದೇ, ತಾನು ಉಳಿಯುವುದಿಲ್ಲವೆಂದು ಅವನಿಗೆ ಹೇಳಿಬಿಟ್ಟಿತ್ತು.

"ಬೈಯೇ," ಎಂದ ಅವನು. "ಒಂದು ಸಲ ಬೈದುಬಿಡು."

ಆರ್ಡೆಲ್ ಮೊಣಕೈ ಊರಿ ಅರ್ಧ ಎದ್ದಳು. "ತಲೇಲಿ ಏನು ಮರದ ಪುಡಿ ತುಂಬಿದೆಯಾ ಮುಟ್ಠಾಳ? ಗೊತ್ತಿಲ್ಲದ್ದನ್ನ ತರಬಾರದು ಅಂತ ಸಾವಿರ ಸಲ ಹೇಳಿಲ್ವಾ? ಕೇಳಿದ್ರೆ ಬಾಯಿ ಸವೀತಿತ್ತಾ? ದಿಮ್ಮಿ ಹೊತ್ತು ಹೊತ್ತು ನೀನೂ ದಿಮ್ಮಿ ಆಗಿದ್ದೀಯ..." ಧ್ವನಿ ಏರಲು ನೋಡಿತು, ಏರಲಿಲ್ಲ. ಉಸಿರು ನಿಂತು ನಿಂತು ಬಂತು. ಅವಳು ದಿಂಬಿಗೆ ಒರಗಿದಳು.

ಡೆಲ್ಮಂಟ್ ಅವಳ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು ಕಾದ.

"ಆಮೇಲೆ?" ಎಂದ.

ಅವಳು ತುಟಿ ಅಲ್ಲಾಡಿಸಿದಳು. ಇನ್ನೂ ಹೇಳುವುದು ಬೇಕಾದಷ್ಟಿತ್ತು, ಉಸಿರು ಸಾಲಲಿಲ್ಲ.