ಸಮುದ್ರದಲ್ಲಿ ತೇಲಿದ ಹುಡುಗ

2016ರಲ್ಲಿ ನಾನು ಆಂಧ್ರದ ಕಡಲತೀರದ ಭೀಮುನಿಪಟ್ಟಣದ ಸಣ್ಣ ಶಾಲೆಯೊಂದರಲ್ಲಿ ಆರನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಧಾರವಾಡದಲ್ಲಿ ಹುಟ್ಟಿ ತೆಲುಗರ ಮನೆಗೆ ಸೊಸೆಯಾಗಿ ಬಂದವಳು. ನನ್ನ ತೆಲುಗು ಕೇಳಿ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಇಂಗ್ಲಿಷಿನಲ್ಲಾದರೂ ಮರ್ಯಾದೆ ಉಳಿಸಿಕೊಳ್ಳೋಣವೆಂದು ಪಾಡ್‌ಕಾಸ್ಟ್ ಶುರುಮಾಡಿದೆ. ಫೋನಿಗೆ ಪುಟ್ಟ ಸ್ಪೀಕರ್ ಜೋಡಿಸಿ, ಬ್ರಿಟಿಷ್ ಮಹಿಳೆಯೊಬ್ಬರು ಹೇಳುವ ಮಕ್ಕಳ ಕಥೆಗಳನ್ನು ಕೇಳಿಸುತ್ತಿದ್ದೆ. ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ನಾನು ಮಾತ್ರ ಎಲ್ಲ ಬಲ್ಲವಳಂತೆ ತಲೆದೂಗುತ್ತ ನಿಲ್ಲುತ್ತಿದ್ದೆ.

ಒಂದು ದಿನ ಮುದುಕ ಬೆಸ್ತನೊಬ್ಬನ ಕಥೆ ಬಂತು. ಬಿರುಗಾಳಿಯಲ್ಲಿ ಸಿಕ್ಕಿಕೊಂಡ ಅವನಿಗೆ, ಅಲೆಗಳ ನಡುವೆ ಒಂಟಿಯಾಗಿ ತೇಲುತ್ತಿದ್ದ 'ಕೆಂಪು ಬಾಯ್' ಕಾಣುತ್ತದೆ. ಕಥೆ ನಿಲ್ಲಿಸಿ, "ಪಾಪ, ಕೆಂಪು ಅಂಗಿಯ ಹುಡುಗ. ಅವನಿಗೆ ಹೇಗನ್ನಿಸಿರಬೇಕು?" ಎಂದು ಕೇಳಿದೆ. ಮನೆಯಲ್ಲಿ ಅವನ ಚಿತ್ರ ಬರೆದು ತನ್ನಿ ಎಂದೂ ಹೇಳಿ, ಉಳಿದ ಕಥೆ ಕೇಳಿಸಿದೆ.

ಮುಗಿದ ಮೇಲೆ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಮೀನು ಹಿಡಿಯುವವರ ಮಗಳು. ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ.

"ಅದಿ ಅಬ್ಬಾಯಿ ಕಾದಂಡಿ, ಮೇಡಂ," ಎಂದಳು. ಅದು ಹುಡುಗನಲ್ಲವಂತೆ.

"ಮತ್ತೆ?"

"ಕಥೆಯ ತಾತ ಹಗ್ಗ ಹಾಕಿ ಅದಕ್ಕೆ ದೋಣಿ ಕಟ್ಟಿದರಲ್ಲ, ಮೇಡಂ. ಹುಡುಗನಿಗೆ ಯಾರಾದರೂ ದೋಣಿ ಕಟ್ಟುತ್ತಾರಾ? ನೀರಲ್ಲಿ ಸರಪಳಿ ಹಾಕಿ ತೇಲಿಬಿಡ್ತಾರಲ್ಲ, ಆ ದೊಡ್ಡ ಡಬ್ಬ ಅದು. ನಮ್ಮ ಅಪ್ಪ ಬೋಯಾ ಅಂತಾರೆ."

"ನೀವು ಗಮನ ಕೊಡ್ತೀರೋ ಇಲ್ಲವೋ ನೋಡಿದೆ ಅಷ್ಟೆ," ಎಂದುಬಿಟ್ಟೆ. ಯಾರೂ ನಂಬಲಿಲ್ಲ.

ಮನೆಗೆ ಬಂದು ಪಾಡ್‌ಕಾಸ್ಟಿನ ಜೊತೆ ಕೊಟ್ಟಿದ್ದ ಆ ಕಥೆಯ ಬರಹ ತೆಗೆದು ನೋಡಿದೆ. ಅಲ್ಲಿದ್ದದ್ದು boy ಅಲ್ಲ, buoy. ಕಾಗುಣಿತ ಬೇರೆ, ಉಚ್ಚಾರ ಮಾತ್ರ ಹುಡುಗನದೇ. ಆ ಬರಹವನ್ನು ಮೊದಲೇ ಓದಬಹುದಿತ್ತು. ಅದೆಲ್ಲ ಮಕ್ಕಳಿಗೆ, ನನಗೇಕೆ ಎಂಬ ಜಂಬ ನನ್ನದು.

ಮರುದಿನ ಚಿತ್ರಗಳು ಬಂದವು. ಒಂದರಲ್ಲಿ ಕೆಂಪು ಅಂಗಿಯ ಹುಡುಗ ಅಳುತ್ತಿದ್ದ; ಮುದುಕ ಅವನ ಸೊಂಟಕ್ಕೆ ಹಗ್ಗ ಬಿಗಿದು ದೋಣಿ ಕಟ್ಟುತ್ತಿದ್ದ. ಮೇಡಂ ಹೇಳಿದ್ದನ್ನೂ ಬಿಡದೆ, ಕಥೆಯನ್ನೂ ಬಿಡದೆ ಬರೆದಿದ್ದ ಪುಣ್ಯಾತ್ಮ. ನಗು ತಡೆಯಲಾಗಲಿಲ್ಲ. "ನಿನ್ನೆ ನನಗೆ ನಿಜವಾಗಿ ಗೊತ್ತಾಗಲಿಲ್ಲ," ಎಂದು ಒಪ್ಪಿಕೊಂಡು, ಆ ಹುಡುಗಿಯನ್ನು ಬೋರ್ಡಿನ ಬಳಿ ಕರೆದೆ. ಅವಳು ಬೋಯಾ ಬರೆದು ವಿವರಿಸಿದಳು. ನಾನು ಅವಳ ಬೆಂಚಿನಲ್ಲಿ ಕೂತು ಕೇಳಿದೆ.

ಆಮೇಲೆ ಪಾಡ್‌ಕಾಸ್ಟ್ ಹಾಕಿದರೆ ಸಾಕು, ಇಡೀ ತರಗತಿ ಕಿವಿ ನಿಮಿರಿಸಿ ಕೂರುತ್ತಿತ್ತು. ವರ್ಷದ ಕೊನೆಗೆ ಮುಖ್ಯೋಪಾಧ್ಯಾಯರು, "ಏನು ಮಾಡಿದಿರಮ್ಮಾ?" ಎಂದು ಕೇಳಿದರು. ಹೊಸ ವಿಧಾನ ಎಂದೆ. ಮೇಡಂ ಮತ್ತೆಲ್ಲಿ ತಪ್ಪುತ್ತಾರೋ ಎಂದು ಮಕ್ಕಳು ಕಾಯುತ್ತಿದ್ದಾರೆ ಎನ್ನಲು ಧೈರ್ಯ ಬರಲಿಲ್ಲ.